ದೇಶ ಬಾಡಿಗೆಗಿದೆ

ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಅಲೆದು ಚಪ್ಪಲಿ ಸವೆಸಿದವರಿಗೆ ಒಂದು ಹಳೆಯ ಸುದ್ದಿ. 2011ರಲ್ಲಿ ಏರ್‌ಬಿಎನ್‌ಬಿಯಲ್ಲಿ ಲಿಕ್ಟೆನ್‌ಸ್ಟೈನ್ ಎಂಬ ಇಡೀ ದೇಶವೇ ಬಾಡಿಗೆಗಿತ್ತು. ರಾತ್ರಿಗೆ 70,000 ಡಾಲರ್, ಕನಿಷ್ಠ ಎರಡು ರಾತ್ರಿ. ಬಾಡಿಗೆದಾರರಿಗೆ ಬೇಕಾದ ಹಾಗೆ ಬೀದಿ ಫಲಕ, ಅವರದೇ ತಾತ್ಕಾಲಿಕ ನೋಟು, ಸಾಂಕೇತಿಕವಾಗಿ ರಾಜ್ಯದ ಕೀಲಿಕೈ. ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ಯಾವ ಜನ ಅಂತ ಕೇಳುವುದಿಲ್ಲ. ಮೊಟ್ಟೆ ಬೇಯಿಸುತ್ತೀರಾ ಎಂಬ ವಿಚಾರಣೆಯೂ ಇಲ್ಲ. ಪ್ರಚಾರದ ಗಿಮಿಕ್ಕೇ ಇರಬಹುದು. ಆದರೂ ಅಷ್ಟು ಉದಾರಿ ಓನರ್ ನಮ್ಮ ಜಯನಗರದಲ್ಲಿ ಸಿಗುವುದು ಕಷ್ಟ.

ಈ ಬೇಸಿಗೆಗೆ ಆ ದೇಶದಲ್ಲಿ ಒಂದು ಮನೆ ಹಿಡಿದು ಇದ್ದು ಬರುವುದೆಂದು ನನ್ನ ಷಡ್ಡಕರು ತೀರ್ಮಾನಿಸಿದ್ದಾರೆ. ಅಲ್ಲಿ ಏನಿದೆ ಎಂದು ಕೇಳಿದೆ. "ಏನಿದ್ರೆ ಏನು, ಅದೂ ಒಂದು ದೇಶ ತಾನೆ?" ಎಂದರು. ಅವರು ದೇಶ ನೋಡುವವರಲ್ಲ, ಎಣಿಸುವವರು. ಮೊಬೈಲಿನಲ್ಲೊಂದು ನಕ್ಷೆಯಿದೆ, ಕಾಲಿಟ್ಟ ದೇಶಕ್ಕೆ ಬಣ್ಣ ತುಂಬುತ್ತದೆ. ರಷ್ಯಾ ಒಂದು, ಲಿಕ್ಟೆನ್‌ಸ್ಟೈನೂ ಒಂದು. 160 ಚದರ ಕಿಲೋಮೀಟರಿಗೆ ಇಷ್ಟು ದೊಡ್ಡ ಲಾಭ ಯಾವ ರಿಯಲ್ ಎಸ್ಟೇಟಿನಲ್ಲೂ ಹುಟ್ಟುವುದಿಲ್ಲ.

ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಷಡ್ಡಕರು ಅಲ್ಲಿನ ರಾಜವಂಶದ ಸಂಪ್ರದಾಯವನ್ನೇ ಪಾಲಿಸುತ್ತಿದ್ದಾರೆ. ಲಿಕ್ಟೆನ್‌ಸ್ಟೈನ್ ಎಂಬುದು ಮೊದಲು ಊರಿನ ಹೆಸರಲ್ಲ, ಮನೆತನದ ಹೆಸರು. ಆಸ್ಟ್ರಿಯಾ, ಮೊರೇವಿಯಾ ಕಡೆ ಬೇಕಾದಷ್ಟು ಜಮೀನಿದ್ದ ಕುಳ. ಆದರೆ ಪವಿತ್ರ ರೋಮನ್ ಸಾಮ್ರಾಜ್ಯದ ಸಭೆಯಲ್ಲಿ ಕುರ್ಚಿ ಸಿಗಬೇಕಾದರೆ ನೇರವಾಗಿ ಚಕ್ರವರ್ತಿಯ ಕೈಕೆಳಗಿನ ನೆಲವೇ ಬೇಕು. ಸರಿ, 1699ರಲ್ಲಿ ಶೆಲ್ಲೆನ್‌ಬರ್ಗ್, 1712ರಲ್ಲಿ ವಾಡುಜ್ ಕೊಂಡರು. 1719ರಲ್ಲಿ ಎರಡೂ ಸೇರಿ ಸಂಸ್ಥಾನವಾಯಿತು. ಆಮೇಲೆ? ಸೈಟು ಕೊಂಡು, ಬೇಲಿ ಹಾಕಿ, ಬೋರ್ಡು ನೆಟ್ಟು ಅಮೆರಿಕಕ್ಕೆ ಹಾರಿದವರ ಹಾಗೆ ಯಜಮಾನರು ವಿಯೆನ್ನಾದಲ್ಲೇ ಉಳಿದರು. ಆಳುವ ರಾಜ ಅಲ್ಲಿ ಸಂಸಾರ ಹೂಡಿದ್ದು 1938ರಲ್ಲಿ, ಅದೂ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ. ವಿಳಾಸ ಬೇಕು, ವಾಸ ಬೇಡ.

ವಾಸಕ್ಕೆ ಬಯಸಿದವರಿಗೂ ಅಲ್ಲಿ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ನೆರೆಯ ಯುರೋಪಿನವರಿಗೇ ನೆಲೆಸುವ ಪರವಾನಗಿಯಲ್ಲಿ ಒಂದು ಪಾಲನ್ನು ಚೀಟಿ ಎತ್ತಿ ಹಂಚುತ್ತಾರೆ. ಅಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೆಳಿಗ್ಗೆ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಜರ್ಮನಿಗಳಿಂದ ಬಂದು ಸಂಜೆ ಗಡಿ ದಾಟಿ ಮನೆಗೆ ಹೋಗುತ್ತಾರೆ. ಕಾಯಂ ಅತಿಥಿಯಾಗಿ ತಂಗಿದ್ದು ಹಣ ಮಾತ್ರ. ಅದಕ್ಕೆ ಚೀಟಿಯೂ ಇಲ್ಲ, ವೀಸಾ ಸಂದರ್ಶನವೂ ಇಲ್ಲ. 2008ರಲ್ಲಿ ರಾಜಮನೆತನದ ಬ್ಯಾಂಕಿನಿಂದ ಕದ್ದ ಗ್ರಾಹಕರ ಪಟ್ಟಿಯೊಂದು ಹೊರಬಿದ್ದಾಗ ತೆರಿಗೆ ತಪ್ಪಿಸಿ ಸಿಕ್ಕಿಬಿದ್ದವರಲ್ಲಿ ಜರ್ಮನಿಯ ಅಂಚೆ ಸಂಸ್ಥೆಯ ಮುಖ್ಯಸ್ಥರೂ ಇದ್ದರು. ಅಂಚೆಯವರಲ್ಲವೇ, ವಿಳಾಸದ ಮಹಿಮೆ ಅವರಿಗೆ ಗೊತ್ತಿರದೆ ಇನ್ನಾರಿಗೆ!

ಇನ್ನು ಪ್ರಯಾಣದ ತಯಾರಿ. ವೀಸಾ ಕೊಡುವುದು ಸ್ವಿಟ್ಜರ್ಲೆಂಡ್. ವಿಮಾನ ನಿಲ್ದಾಣವಿಲ್ಲ, ಇಳಿಯಬೇಕಾದ್ದು ಜ್ಯೂರಿಕ್‌ನಲ್ಲಿ. ನಡೆಯುವ ನಾಣ್ಯ ಸ್ವಿಸ್ ಫ್ರಾಂಕ್, ಓಡುವ ರೈಲು ಆಸ್ಟ್ರಿಯಾದ್ದು. ಸೈನ್ಯವನ್ನು 1868ರಲ್ಲೇ ಮನೆಗೆ ಕಳಿಸಿಯಾಗಿದೆ. 2007ರಲ್ಲಿ ನೂರೆಪ್ಪತ್ತರಷ್ಟು ಸ್ವಿಸ್ ಸೈನಿಕರು ಕತ್ತಲಲ್ಲಿ ದಾರಿ ತಪ್ಪಿ ಒಳಗೆ ನುಗ್ಗಿದ್ದರು. ಸ್ವಿಟ್ಜರ್ಲೆಂಡಿನವರೇ ಹೇಳುವ ತನಕ ಅಲ್ಲಿ ಯಾರಿಗೂ ಅದು ತಿಳಿಯಲಿಲ್ಲ. ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವವರಿಲ್ಲ ಎಂಬುದೇ ಷಡ್ಡಕರ ದೊಡ್ಡ ಕೊರಗು. ಮುದ್ರೆ ಬೀಳದಿದ್ದರೆ ಹೋಗಿದ್ದಕ್ಕೆ ಸಾಕ್ಷಿ ಏನು? ಅದಕ್ಕೂ ರಾಜಧಾನಿ ವಾಡುಜ್‌ನ ಪ್ರವಾಸಿ ಕಚೇರಿಯಲ್ಲಿ ವ್ಯವಸ್ಥೆಯಿದೆ: ಕೆಲವು ಫ್ರಾಂಕ್ ಎಣಿಸಿದರೆ ಪಾಸ್‌ಪೋರ್ಟಿಗೆ ಠಪ್ಪೆಂದು ಮುದ್ರೆ ಒತ್ತಿಕೊಡುತ್ತಾರೆ.

ಮನೆಯೊಡೆಯರ ದರ್ಪ ನೋಡಬೇಕೆಂದರೆ ಮಾತ್ರ ಈ ದೇಶಕ್ಕೆ ಹೋಗಲೇಬೇಕು. 2003ರಲ್ಲಿ ರಾಜ ಎರಡನೇ ಹಾನ್ಸ್-ಆಡಂ ತನ್ನ ಅಧಿಕಾರ ಹೆಚ್ಚಿಸಿಕೊಳ್ಳಲು ಜನಮತಕ್ಕೆ ಹೋದರು. ಒಪ್ಪದಿದ್ದರೆ ಗಂಟುಮೂಟೆ ಕಟ್ಟಿ ವಿಯೆನ್ನಾಕ್ಕೆ ಹೋಗುತ್ತೇನೆ ಎಂದರು. ನಮ್ಮಲ್ಲಿ ಓನರ್ ಬಾಡಿಗೆಯವರನ್ನು ಖಾಲಿ ಮಾಡಿಸುತ್ತಾನೆ. ಅಲ್ಲಿ ತಾನೇ ಖಾಲಿ ಮಾಡುತ್ತೇನೆಂದು ಹೆದರಿಸಿದ. ಜನ ಗಾಬರಿಬಿದ್ದು ಕೇಳಿದ್ದನ್ನೆಲ್ಲ ಕೊಟ್ಟರು. 2012ರಲ್ಲಿ ರಾಜನ ವೀಟೊ ಮೊಟಕುಗೊಳಿಸೋಣವೇ ಎಂದು ಕೇಳಿದಾಗಲೂ ಶೇ 76ರಷ್ಟು ಮಂದಿ ಬೇಡವೆಂದರು. ಹೆಂಗಸರಿಗೆ ಮತದಾನದ ಹಕ್ಕು ಕೊಡಲು 1984ರವರೆಗೆ ಯೋಚಿಸಿದ ದೇಶವದು, ಆತುರಪಡುವ ಪೈಕಿಯಲ್ಲ.

ಕಡೆಗೆ ಮನೆ ಬುಕ್ ಆಯಿತು. ವಾಡುಜ್‌ನ ಬಾಡಿಗೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡಿದ ರಾತ್ರಿ ಷಡ್ಡಕರಿಗೆ ಊಟ ಸೇರಲಿಲ್ಲ. ಮರುದಿನ ಗಡಿಯಾಚೆ, ಆಸ್ಟ್ರಿಯಾದ ಫೆಲ್ಡ್‌ಕಿರ್ಖ್‌ನಲ್ಲಿ ಅಗ್ಗದ ಮನೆ ಸಿಕ್ಕಿತು. ಗಡಿಯ ಮೇಲೇ ಕೂತಿರುವ 'ಮೂವರು ಸೋದರಿಯರು' ಎಂಬ ಬೆಟ್ಟ ಬಾಲ್ಕನಿಯಿಂದ ಕಾಣುತ್ತದಂತೆ. ಪುಳಿಯೋಗರೆ ಗೊಜ್ಜು ತೂಕ ಮಾಡುತ್ತಿದ್ದ ನನ್ನ ನಾದಿನಿ ತಲೆಯೆತ್ತಿ, "ರೀ, ಹಾಗಾದ್ರೆ ನಾವು ಇರೋದು ಆಸ್ಟ್ರಿಯಾದಲ್ಲಿ ತಾನೆ?" ಎಂದಳು.

"ಇರೋದು ಆಸ್ಟ್ರಿಯಾದಲ್ಲಿ ಕಣೇ. ಸ್ಟೇಟಸ್ಸು ಮಾತ್ರ ಲಿಕ್ಟೆನ್‌ಸ್ಟೈನ್‌ದು."