ಇನ್ನೆರಡು ತಿಂಗಳು ತಡಿ

ಯಾವ ಡಾಕ್ಟರ ಕೈಗುಣ ಚೆನ್ನಾಗಿದೆ, ಯಾವ ಛತ್ರದ ಅಡುಗೆ ನಂಬಬಹುದು, ಯಾವ ಬಡಾವಣೆಯ ಸೈಟು ತಕರಾರಿನದು ಎಂದು ಹೇಳಬಲ್ಲವರು ಪ್ರತಿ ಬಂಧುಬಳಗದಲ್ಲೂ ಒಬ್ಬೊಬ್ಬರು ಇದ್ದೇ ಇರುತ್ತಾರೆ. ಯಾವ ಫೋನ್ ತಗೋಬೇಕು ಎಂದು ಹೇಳುವವರೂ ಈಗ ಆ ಸಾಲಿಗೆ ಸೇರಿದ್ದಾರೆ. ನಮ್ಮ ಬಳಗದಲ್ಲಿ ಈ ಇಲಾಖೆ ನೋಡಿಕೊಳ್ಳುವವರು ಮೈಸೂರಿನ ಕುವೆಂಪುನಗರದ ಮಾವ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ಹುಡುಗರು ಬೆನ್ನ ಹಿಂದೆ ಮೊಬೈಲ್ ಮಾವ ಅನ್ನುತ್ತಾರೆ. ಎದುರಿಗೇ ಅಂದರೂ ಅವರಿಗೆ ಬೇಜಾರಿಲ್ಲ.

ಮಾವನಿಗೆ ಗೊತ್ತಿಲ್ಲದ ಫೋನ್ ಇಲ್ಲ. ಅವರನ್ನು ಕೇಳಿ ಫೋನ್ ಕೊಂಡವರು ಮಾತ್ರ ನನಗೆ ಗೊತ್ತಿದ್ದ ಮಟ್ಟಿಗೆ ಯಾರೂ ಇಲ್ಲ. ಎಲ್ಲ ವಿಚಾರಣೆಯೂ ಕೊನೆಗೆ ಒಂದೇ ತೀರ್ಪಿಗೆ ಬಂದು ನಿಲ್ಲುತ್ತದೆ. "ಇನ್ನೆರಡು ತಿಂಗಳು ತಡಿ."

ಯುಗಾದಿಯಲ್ಲಿ ಕೇಳಿದರೆ ಬೇಸಗೆ ಕಳೆಯಲಿ ಅನ್ನುತ್ತಾರೆ. ಮಳೆ ಹಿಡಿದ ಮೇಲೆ ಕೇಳಿದರೆ ಆಗಸ್ಟ್ ಹದಿನೈದರ ಸೇಲ್ ಬರಲಿ. ಆಗಸ್ಟಿನಲ್ಲಿ ಕೇಳಿದರೆ ಸೆಪ್ಟೆಂಬರಿನಲ್ಲಿ ಹೊಸ ಐಫೋನ್ ಬರುತ್ತೆ, ಹಳೆಯದರ ಬೆಲೆ ಬೀಳುತ್ತೆ. ಸೆಪ್ಟೆಂಬರಿನಲ್ಲಿ ದಸರೆಯ ಆಫರು, ದಸರೆಯಲ್ಲಿ ದೀಪಾವಳಿಯ ಆಫರು. ದೀಪಾವಳಿಯ ಪಟಾಕಿ ಕಸ ಗುಡಿಸುವ ಹೊತ್ತಿಗೆ ಹೋಗಿ ನಿಂತರೆ, "ಸೇಲ್ ಮುಗಿದ ಮೇಲೆ ಯಾರಾದ್ರೂ ತಗೋತಾರೇನಯ್ಯ? ಜನವರಿ ಫೆಬ್ರವರೀಲಿ ಸ್ಯಾಮ್‌ಸಂಗಿನೋರು ಹೊಸ ಎಸ್ ತರ್ತಾರೆ" ಎಂದು ನಮ್ಮ ಅವಸರವನ್ನು ಕಂಡು ಮರುಗುತ್ತಾರೆ. ಪಂಚಾಂಗದಲ್ಲಿ ವರ್ಷಕ್ಕೆ ಒಂದೆರಡಾದರೂ ಒಳ್ಳೆಯ ಮುಹೂರ್ತವಿರುತ್ತದೆ. ಮಾವನ ಕ್ಯಾಲೆಂಡರಿನಲ್ಲಿ ಹನ್ನೆರಡು ತಿಂಗಳೂ ಶೂನ್ಯಮಾಸ.

ಅವರ ವಾದ ಬಹಳ ಸರಳ. ಇಪ್ಪತ್ತನಾಲ್ಕು ಕಂತು ಕಟ್ಟುವ ಸಾಮಾನನ್ನು ಅರ್ಧ ಗಂಟೆಯಲ್ಲಿ ಆರಿಸಬಾರದು. "ಕಂತು ಮುಗಿಯೋ ಮುಂಚೆ ಫೋನ್ ಸತ್ತುಹೋದ್ರೆ? ಸತ್ತ ಎಮ್ಮೆಗೆ ಹುಲ್ಲಿನ ಬಾಕಿ ಕಟ್ಟಿದ ಹಾಗಾಗುತ್ತೆ ಕಣಯ್ಯ" ಎನ್ನುತ್ತಾರೆ.

ಈ ಭಯಕ್ಕೆ ಹಿಂದಿನ ಕಥೆಯೊಂದಿದೆ. 2003ರ ಮಳೆಗಾಲದಲ್ಲಿ ರಿಲಯನ್ಸ್ ಕಂಪನಿ 501 ರೂಪಾಯಿ ಕಟ್ಟಿದವರ ಕೈಗೆ ಸಿಡಿಎಂಎ ಫೋನ್ ಇಟ್ಟಿತು, ಉಳಿದ ಹಣ ತಿಂಗಳು ತಿಂಗಳು. ಬೀದಿಗೆ ಬೀದಿಯೇ ಹಲೋ ಹಲೋ ಅನ್ನತೊಡಗಿತು. ಮಾವನೂ ಒಂದು ತಂದರು. ಆ ಫೋನು ಕರಾರು ಮಾಡಿಕೊಂಡ ಕಂಪನಿ ಬಿಟ್ಟರೆ ಬೇರೆ ಕಡೆ ನಡೆಯುತ್ತಿರಲಿಲ್ಲ. ಅದೇ ಹೊತ್ತಿಗೆ ಬಂದ ನೋಕಿಯಾ 1100ನ್ನು ಎದುರು ಮನೆಯವರು ಕೊಂಡರು. ಅದಕ್ಕೆ ತಲೆಯ ಮೇಲೊಂದು ಟಾರ್ಚು. ಕರೆಂಟ್ ಹೋದ ರಾತ್ರಿಗಳಲ್ಲಿ ಎದುರು ಮನೆ ಬೆಳಗುತ್ತಿತ್ತು, ಮಾವ ಸೀಮೆಎಣ್ಣೆ ಬುಡ್ಡಿಯ ಮುಂದೆ ಕೂತು ಕಂತಿನ ರಸೀದಿ ನೋಡುತ್ತಿದ್ದರು. ಕರಾರು ಎಂಬ ಮಾತು ಕಿವಿಗೆ ಬಿದ್ದರೆ ಅವರು ಈಗಲೂ ಕನ್ನಡಕ ಸರಿಮಾಡಿಕೊಳ್ಳುತ್ತಾರೆ.

ಮಗ ಡಲ್ಲಾಸಿನಲ್ಲಿದ್ದಾನೆ. ಅಲ್ಲಿನ ವ್ಯವಹಾರವೇ ಬೇರೆ. 2008ರಲ್ಲಿ ಐಫೋನ್ 3ಜಿ ಬಂದಾಗ ಎರಡು ವರ್ಷದ ಕರಾರಿಗೆ ಸಹಿ ಹಾಕಿದ ಅಮೆರಿಕದವರಿಗೆ ಅದು 199 ಡಾಲರಿಗೆ ಸಿಕ್ಕಿತು. ನಮ್ಮಲ್ಲಿ ಅದೇ ಫೋನು 31,000 ರೂಪಾಯಿ, ರೊಕ್ಕ ಎಣಿಸಿಟ್ಟು ತೆಗೆದುಕೊಂಡು ಹೋಗುವುದು. ಈಗ ಅಲ್ಲಿನ ಕೆಲವು ದೊಡ್ಡ ಕಂಪನಿಗಳು ಎರಡು ವರ್ಷವನ್ನು ಮೂರಕ್ಕೆ ಎಳೆದು ಮೂವತ್ತಾರು ಕಂತು ಮಾಡಿವೆ. ಮಗ ವಿಡಿಯೊ ಕಾಲಿನಲ್ಲಿ ಹೊಸ ಫೋನ್ ತೋರಿಸಿ, "ಫ್ರೀ ಅಪ್ಪಾ ಇದು, ತಿಂಗಳ ಬಿಲ್ಲಲ್ಲೇ ವಜಾ ಹಾಕ್ತಾರೆ" ಅಂದ. "ಮಧ್ಯದಲ್ಲಿ ಕಂಪನಿ ಬಿಟ್ರೆ?" ಅಂದರು ಮಾವ. "ಬಿಟ್ರೆ ಬಾಕಿ ಪೂರ್ತಿ ನಾನೇ ಕಟ್ಬೇಕು." ಮಾವನಿಗೆ ಆ ದಿನವೆಲ್ಲ ಸಮಾಧಾನ. "ಅಲ್ಲಿ ಫೋನ್ ಕಂಪನಿಗೆ ಕಟ್ಟಿಹಾಕ್ತಾರೆ, ಇಲ್ಲಿ ಬ್ಯಾಂಕಿಗೆ ಕಟ್ಟಿಹಾಕ್ತಾರೆ. ನಮ್ಮದೇ ವಾಸಿ. ಸಿಮ್ಮಾದ್ರೂ ಬದಲಾಯಿಸ್ಕೋಬಹುದು."

ದೇವರಾಜ ಅರಸು ರಸ್ತೆಯ ಅಂಗಡಿಗೆ ಮಾವ ಕಾಲಿಟ್ಟರೆ ಹಳೆಯ ಹುಡುಗರು ಗೋದಾಮಿಗೆ ನುಗ್ಗುತ್ತಾರೆ, ಹೊಸದಾಗಿ ಸೇರಿದವನು ಸಿಕ್ಕಿಬೀಳುತ್ತಾನೆ. ನಾನು ಜೊತೆಗೆ ಹೋದ ದಿನ ಸಿಕ್ಕಿದವನು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ, ಮೀಸೆ ಆಗತಾನೇ ಮೂಡುತ್ತಿದ್ದ ಹುಡುಗ.

"ಸಾರ್, ನೋ ಕಾಸ್ಟ್ ಇಎಂಐ ಇದೆ. ಬಡ್ಡಿ ಇಲ್ಲ."

ಮಾವ ಕುರ್ಚಿ ಎಳೆದುಕೊಂಡು ಕೂತರು. ಗಣಿತದ ಮೇಷ್ಟರ ಮುಂದೆ ಬಡ್ಡಿ ಇಲ್ಲ ಅನ್ನಬಾರದಿತ್ತು.

"ನೋಡಪ್ಪ, 2013ರಲ್ಲೇ ರಿಸರ್ವ್ ಬ್ಯಾಂಕಿನೋರು ಬ್ಯಾಂಕುಗಳಿಗೆ ಹೇಳಿದಾರೆ, ಸೊನ್ನೆ ಬಡ್ಡಿ ಅನ್ನೋದೇ ಲೋಕದಲ್ಲಿಲ್ಲ ಅಂತ. ಬಡ್ಡಿ ಎಷ್ಟಾಗುತ್ತೋ ಅಷ್ಟನ್ನ ನೀವು ಮೊದಲೇ ರಿಯಾಯಿತಿ ಅಂತ ಕಳೀತೀರ, ಬ್ಯಾಂಕಿನೋರು ಬಡ್ಡಿ ಅಂತ ವಸೂಲಿ ಮಾಡ್ತಾರೆ. ಸರಿ, ಆ ಬಡ್ಡಿ ಮೇಲೆ ನೂರಕ್ಕೆ 18 ಜಿಎಸ್‌ಟಿ ಯಾರು ಕೊಡ್ತಾರೆ?"

ಹುಡುಗ ಮ್ಯಾನೇಜರನ ಕಡೆ ನೋಡಿದ. ಮ್ಯಾನೇಜರ್ ಛಾವಣಿಯ ಕಡೆ ನೋಡಿದ.

"ನಾನು ಕೊಡ್ತೀನಿ. ಬಡ್ಡಿ 2,500 ಆದ್ರೆ ತೆರಿಗೆ 450. ಪ್ರೊಸೆಸಿಂಗ್ ಫೀ ಬೇರೆ, ಅದಕ್ಕೂ ತೆರಿಗೆ. ಇದು ನೋ ಕಾಸ್ಟಾ? ಅದಿರಲಿ, ಕಂತಿನೋನಿಗೆ ಕೊಡೋ ರಿಯಾಯಿತಿನ ನಗದು ಕೊಡೋನಿಗೂ ಕೊಡ್ತೀರಾ?"

"ಸಾರ್, ಟೆಂಪರ್ಡ್ ಗ್ಲಾಸ್ ಫ್ರೀ ಹಾಕ್ಕೊಡ್ತೀನಿ."

ಪಾಪ, ಅವನ ಅಧಿಕಾರದಲ್ಲಿದ್ದದ್ದು ಅಷ್ಟೆ. ಮಾವನ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿರಲಿಲ್ಲ ಎಂಬುದನ್ನೂ ಹೇಳಬೇಕು. ಕಾರ್ಡಿನ ಮೇಲೆ ಕಂತು ಮಾಡಿಸುವ ಯಾರಾದರೂ ಮರುತಿಂಗಳ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಆ ತೆರಿಗೆಯ ಸಾಲು ಅಲ್ಲಿ ಮುದುರಿಕೊಂಡು ಕೂತಿರುತ್ತದೆ.

ಹುಡುಗ ಸೋಲೊಪ್ಪದೆ ಕ್ಯಾಮರಾಕ್ಕೆ ಹಾರಿದ. "108 ಮೆಗಾಪಿಕ್ಸೆಲ್ ಸಾರ್." ಮಾವ ಮಾಮೂಲಿ ಸೆಟ್ಟಿಂಗಿನಲ್ಲೇ ಗೋಡೆಯ ಗಡಿಯಾರದ ಒಂದು ಫೋಟೊ ತೆಗೆದು, ವಿವರ ತೆರೆದು ತೋರಿಸಿದರು. 12 ಮೆಗಾಪಿಕ್ಸೆಲ್. ಒಂಬತ್ತು ಚುಕ್ಕಿಗಳನ್ನು ಕೂಡಿಸಿ ಒಂದು ಮಾಡುತ್ತದೆ, ಮಬ್ಬು ಬೆಳಕಿನಲ್ಲಿ ಚಿತ್ರ ಸ್ವಚ್ಛ ಬರಲಿ ಅಂತ. 108ನ್ನು ಒಂಬತ್ತರಿಂದ ಭಾಗಿಸು ಎಂದರು. ಹುಡುಗ ಮನಸ್ಸಿನಲ್ಲೇ ಭಾಗಿಸಿ ತಲೆಯಾಡಿಸಿದ. ಅಷ್ಟಕ್ಕೂ ಮಾವ ಫೋಟೊ ತೆಗೆಯುವುದು ಸೆಸ್ಕ್ ಮೀಟರಿನ ರೀಡಿಂಗು, ಗ್ಯಾಸ್ ರಸೀದಿ ಮತ್ತು ಗೇಟಿನ ಮುಂದೆ ಅಡ್ಡ ನಿಲ್ಲಿಸಿದ ಬೈಕುಗಳ ನಂಬರ್ ಪ್ಲೇಟು. ಇದಕ್ಕೆ 12 ಕೂಡ ದುಂದು.

ಆ ದಿನವೂ ಬರಿಗೈಯಲ್ಲೇ ವಾಪಸ್ಸು. ಬರುವ ದಾರಿಯಲ್ಲಿ ಹೋಟೆಲಿಗೆ ಹೊಕ್ಕು, ಮೆನು ನೋಡದೆ, ಬೆಲೆ ಕೇಳದೆ, ಎರಡು ಮಸಾಲೆ ಹೇಳಿದರು.

ಮನೆಯಲ್ಲಿ ಅವರದೊಂದು ನೋಟ್‌ಬುಕ್ಕಿದೆ, ಮಾರ್ಕ್ಸ್ ಬರೆಯುವ ಉದ್ದನೆಯ ಪುಸ್ತಕ. ಎಡಗಡೆ ಫೋನುಗಳ ಹೆಸರು, ಮೇಲುಗಡೆ ವಿಷಯಗಳು. ಪ್ರೊಸೆಸರಿಗೆ ಇಪ್ಪತ್ತು, ಬ್ಯಾಟರಿಗೆ ಇಪ್ಪತ್ತೈದು, ಸರ್ವೀಸ್ ಸೆಂಟರಿಗೆ ಇಪ್ಪತ್ತು. ಸರ್ವೀಸ್ ಸೆಂಟರ್ ಮೈಸೂರಿನಲ್ಲೇ ಇದ್ದರೆ ಪೂರ್ತಿ ಅಂಕ, ಬೆಂಗಳೂರಿಗೆ ಕಳಿಸಬೇಕಾದರೆ ಸೊನ್ನೆ. ಅತಿ ಹೆಚ್ಚು ಅಂಕ ಅಪ್‌ಡೇಟಿಗೆ. ಗೂಗಲ್‌ನವರು 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್‌ನವರು 2024ರಲ್ಲಿ ಎಸ್24ಕ್ಕೆ ಏಳೇಳು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದು ಮಾತು ಕೊಟ್ಟದ್ದನ್ನು ಓದಿ ಮಾವ ಗದ್ಗದಿತರಾಗಿದ್ದರು. ಎರಡು ವರ್ಷದ ಕಂತಿಗೆ ಏಳು ವರ್ಷದ ಬಾಳಿಕೆ! ಅದರ ಬೆಲೆಯ ಕಾಲಮ್ಮಿಗೆ ಬಂದಾಗ ಗದ್ಗದ ನಿಂತಿತು. ಅಗ್ಗದ ಫೋನುಗಳಿಗೆ ಅಷ್ಟು ವರ್ಷದ ಭರವಸೆ ಸಿಗುವುದು ಅಪರೂಪ.

ಒಂದು ಮಧ್ಯಾಹ್ನ ಅತ್ತೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು, ಮಾವ ನನಗೆ ಪಾಠ ಹೇಳುತ್ತಿದ್ದರು. ಅಪ್‌ಡೇಟಿನ ವರ್ಷ ಎಣಿಸುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದ ಅಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ ಎಂದರು.

"ಅಲ್ಲಾ ರೀ," ಅಂದರು ಅತ್ತೆ, ಕಾಯಿಯಿಂದ ಕಣ್ಣು ತೆಗೆಯದೆ. "ಹಂಗಾದ್ರೆ ಬೆಲೆ ಇಳೀಲಿ ಅಂತ ನೀವು ಒಂದು ವರ್ಷ ಕಾದ್ರೆ, ಒಂದು ವರ್ಷದ ಅಪ್‌ಡೇಟು ಅಂಗಡೀಲೇ ಕೂತು ಕಳೆದುಹೋಗಲ್ವಾ?"

ಮಾವ ಬಾಯಿ ತೆರೆದರು, ಮುಚ್ಚಿದರು. ಊಟದ ಮೇಲಿನ ನಿದ್ದೆ ಆ ದಿನ ಇಲ್ಲ. ಸಂಜೆ ನೋಡಿದರೆ ನೋಟ್‌ಬುಕ್ಕಿನಲ್ಲಿ ಹೊಸ ಕಾಲಮ್ಮು, ಕಾಯುವುದರಿಂದ ಉಳಿಯುವ ರೂಪಾಯಿ, ಕಾಯುವುದರಿಂದ ಕಳೆಯುವ ತಿಂಗಳು. ಅತ್ತೆಗೆ ಗಣಿತದಲ್ಲಿ ಎಷ್ಟು ಬರುತ್ತಿತ್ತೋ ಗೊತ್ತಿಲ್ಲ, ಮಾವನಿಗಂತೂ ಆ ಕಾಲಮ್ ತುಂಬಿಸುವುದಕ್ಕೆ ಮತ್ತೆರಡು ತಿಂಗಳು ಬೇಕಾಯಿತು.

ಇಷ್ಟರಲ್ಲಿ ಅವರ ಕೈಯಲ್ಲಿದ್ದ ಹಳೆಯ ಫೋನಿನ ಅವಸ್ಥೆ ಹೇಳದಿದ್ದರೆ ಅನ್ಯಾಯ. ಅದು ಚಾರ್ಜ್ ಆಗುವುದು ಊಟದ ಮನೆಯ ಕಿಟಕಿಯಲ್ಲಿ ಮಾತ್ರ. ಉಪ್ಪಿನಕಾಯಿ ಜಾಡಿಗೆ ಒರಗಿಸಿ, ಪಿನ್ನನ್ನು ಸ್ವಲ್ಪ ಎಡಕ್ಕೆ ಒತ್ತಿ, ವೈರಿನ ಮೇಲೆ ಕನ್ನಡಕದ ಡಬ್ಬಿ ಇಟ್ಟು, ಡಬ್ಬಿಯ ಮೇಲೆ ಕೀಗೊಂಚಲು ಇಡಬೇಕು. ಆಗ ಮಿಂಚಿನ ಚಿಹ್ನೆ ಬರುತ್ತದೆ. ಯಾರಾದರೂ ಉಪ್ಪಿನಕಾಯಿ ಕೇಳಿದರೆ ಹೋಗುತ್ತದೆ. ಹಬ್ಬದ ದಿನ ಪಂಕ್ತಿಯಲ್ಲಿ ಕೂತವರು ಮಾವ ಎದ್ದು ಕೈತೊಳೆಯುವ ತನಕ ಉಪ್ಪಿನಕಾಯಿ ಇಲ್ಲದೆ ಮೊಸರನ್ನ ಉಂಡಿದ್ದಾರೆ.

ಕೊನೆಗೆ ತೀರ್ಮಾನ ಮಾಡಿದ್ದು ಮಾವನಲ್ಲ, ನೋಟ್‌ಬುಕ್ಕೂ ಅಲ್ಲ. ಸಂಜೆ ಸೊಪ್ಪಿನ ಗಾಡಿಯ ಮುಂದೆ ನಿಂತು ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ, ಈ ಆ್ಯಪ್ ಇನ್ನು ಮುಂದೆ ನಿಮ್ಮ ಆಂಡ್ರಾಯ್ಡಿನಲ್ಲಿ ನಡೆಯುವುದಿಲ್ಲ ಎಂಬ ಸೂಚನೆ ಬಂತು. ಜೇಬಿನಲ್ಲಿ ಚಿಲ್ಲರೆ ಇಲ್ಲ. ಸೊಪ್ಪಿನಾಕೆ, "ಇರ್ಲಿ ಬಿಡಿ ಮೇಷ್ಟ್ರೇ, ನಾಳೆ ಕೊಡಿ. ಹೊಸ ಫೋನ್ ತಗೊಳ್ಳಿ, ನನ್ ಮಗ ಮೊನ್ನೆ ತಗೊಂಡ" ಅಂದಳು. ಒಂದು ಕಟ್ಟು ದಂಟಿನ ಸೊಪ್ಪು ಸಾಲವಾದ ಅವಮಾನದಲ್ಲಿ ಮಾವ ಮರುದಿನ ಹತ್ತೂವರೆಗೆ ಅಂಗಡಿ ಬಾಗಿಲು ತೆಗೆಯುವಾಗಲೇ ಹೋಗಿ ನಿಂತರು. ನೋಟ್‌ಬುಕ್ಕಿನಲ್ಲಿ ಮೊದಲ ಸ್ಥಾನ ಬಂದದ್ದು ಸ್ಟಾಕ್ ಇರಲಿಲ್ಲ. ಎರಡನೆಯದನ್ನು ತಂದರು. ಇಪ್ಪತ್ತನಾಲ್ಕು ಕಂತು.

ಕೊಂಡ ಮೇಲಾದರೂ ನೆಮ್ಮದಿ ಸಿಕ್ಕಿತೆ ಎಂದರೆ, ಈ ಜಾತಿಯವರ ನಿಜವಾದ ಕಷ್ಟ ಶುರುವಾಗುವುದು ಅಲ್ಲಿಂದಲೇ. ಬಣ್ಣ ಆರಿಸುವುದಕ್ಕೆ ಮನೆಮಂದಿಯನ್ನೆಲ್ಲ ಕೂರಿಸಿ ಚರ್ಚೆ ಮಾಡಿ ತಿಳಿಹಸಿರು ತಂದರು. ಬಂದ ಗಳಿಗೆಯಲ್ಲೇ ಅದಕ್ಕೆ ಕರೀ ರಬ್ಬರ್ ಕವರ್ ಹಾಕಿದರು. ಆ ಹಸಿರನ್ನು ಆಮೇಲೆ ಯಾರೂ ಕಂಡಿಲ್ಲ. ಗೊರಿಲ್ಲಾ ಗ್ಲಾಸ್ ಗಟ್ಟಿ ಎಂದು ಅಂಕ ಕೊಟ್ಟಿದ್ದವರೇ ಅದರ ಮೇಲೆ ಟೆಂಪರ್ಡ್ ಗ್ಲಾಸ್ ಅಂಟಿಸಿದರು. ನೀರಿಗೆ ಬಿದ್ದರೂ ಕೆಡದ ಐಪಿ68 ಬೇಕೇ ಬೇಕು ಎಂದು ಹಟ ಹಿಡಿದವರು ತುಂತುರು ಹನಿ ಬಿದ್ದರೆ ಹಾಲಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತುತ್ತಾರೆ, ನೀರು ಹೊಕ್ಕರೆ ವಾರಂಟಿ ಇಲ್ಲವೆಂದು ಬರೆದಿರುವುದನ್ನು ಓದಿದವರು ನಮ್ಮ ಬಳಗದಲ್ಲಿ ಅವರೊಬ್ಬರೇ. ಫೋನ್ ಬಂದ ರಟ್ಟಿನ ಡಬ್ಬ, ಒಳಗಿನ ತೆಳು ಪ್ಲಾಸ್ಟಿಕ್ ಹಾಳೆ, ಸಿಮ್ ತೆಗೆಯುವ ಸೂಜಿ ಎಲ್ಲವೂ ಅಟ್ಟದ ಮೇಲೆ, ಅತ್ತೆಯ ಮದುವೆ ಸೀರೆಯ ಟ್ರಂಕಿನಲ್ಲಿ. ಎಕ್ಸ್‌ಚೇಂಜಿನಲ್ಲಿ ಡಬ್ಬ ಕೇಳಿದರೆ ಇರಲಿ ಅಂತ.

ಬ್ಯಾಟರಿಯ ವಿಷಯದಲ್ಲಂತೂ ಮಾವನದು ವ್ರತ. ಲಿಥಿಯಂ ಬ್ಯಾಟರಿ ಐನೂರು ಸಲ ಪೂರ್ತಿ ತುಂಬಿ ಬರಿದಾದ ಮೇಲೆ ಅದರ ಶಕ್ತಿ ಹೆಚ್ಚುಕಡಿಮೆ ನೂರಕ್ಕೆ ಎಂಬತ್ತಕ್ಕೆ ಇಳಿಯುತ್ತದೆ ಎಂದು ಓದಿದ್ದಾರೆ. ಅದಕ್ಕೇ ಎಂಬತ್ತು ಆದ ಕೂಡಲೇ ಚಾರ್ಜರ್ ಕೀಳುತ್ತಾರೆ. ಎರಡು ವರ್ಷದ ಮೇಲೆ ಎಂಬತ್ತಕ್ಕೆ ಇಳಿದೀತು ಎಂಬ ಹೆದರಿಕೆಗೆ ಮೊದಲ ದಿನದಿಂದಲೇ ಎಂಬತ್ತರಲ್ಲಿ ಜೀವನ ನಡೆಸುತ್ತಿದ್ದಾರೆ. ಲೆಕ್ಕದ ಮೇಷ್ಟರಿಗೆ ಇದನ್ನು ತೋರಿಸಿಕೊಡುವ ಧೈರ್ಯ ನಮಗ್ಯಾರಿಗೂ ಇಲ್ಲ.

ಕೊಂಡ ಫೋನಿನ ಇವತ್ತಿನ ಬೆಲೆ ಎಷ್ಟು ಎಂದು ಬೆಳಗ್ಗೆ ಕಾಫಿಯ ಜೊತೆ ನೋಡುವುದು ಇನ್ನೂ ನಿಂತಿಲ್ಲ. ಸಾವಿರ ಇಳಿದಿದ್ದರೆ ಆ ದಿನ ಮನೆಯಲ್ಲಿ ಸೂತಕ. ಏರಿದ್ದರೆ ಅತ್ತೆಗೆ ಮಲ್ಲಿಗೆ ಹೂವು. ಮೊನ್ನೆ ಐದನೆಯ ಕಂತು ಕಟ್ಟಿದ ದಿನ ಹೋಗಿದ್ದೆ. ಉದ್ದನೆಯ ನೋಟ್‌ಬುಕ್ ಮತ್ತೆ ಮೇಜಿನ ಮೇಲಿತ್ತು, ಹೊಸ ಪುಟದಲ್ಲಿ ಗೆರೆ ಎಳೆಯುತ್ತಿದ್ದರು. ಯಾರಿಗೆ ಮಾವ ಅಂದೆ. "ನನಗೇ ಕಣಯ್ಯ. ಇನ್ನು ಹತ್ತೊಂಬತ್ತೇ ಕಂತು. ಈಗಿಂದ ನೋಡದಿದ್ರೆ ಆಗ ಅವಸರವಾಗುತ್ತೆ."

ನಿಮಗೂ ಫೋನ್ ಕೊಳ್ಳುವ ಯೋಚನೆ ಇದ್ದರೆ ಮಾವನನ್ನು ಧಾರಾಳವಾಗಿ ಕೇಳಿ, ಸಂಜೆ ಆರರ ಮೇಲೆ ಬಿಡುವಾಗಿರುತ್ತಾರೆ. ಬಡ್ಡಿಯ ಲೆಕ್ಕ, ಅಪ್‌ಡೇಟಿನ ಲೆಕ್ಕ, ಸರ್ವೀಸ್ ಸೆಂಟರಿನ ವಿಳಾಸ ಮೂರನ್ನೂ ಬರೆದುಕೊಳ್ಳಿ. ಮೂರೂ ಸರಿಯಾಗಿರುತ್ತವೆ. ಆದರೆ ಅವರ ಮಾತು ಕೇಳಿ ಬಂದ ಮೇಲೆ, ಕೈಯಲ್ಲಿರುವ ಹಳೆಯ ಫೋನನ್ನು ಮಾತ್ರ ಅವಸರಪಟ್ಟು ಯಾರಿಗೂ ಕೊಟ್ಟುಬಿಡಬೇಡಿ.