ಮೂರು ಸಾವಿರದ ಗಾಳಿ

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಬರುವ ನೆಂಟರು ಸಾಮಾನ್ಯವಾಗಿ ಹಸಿವನ್ನಷ್ಟೇ ತರುತ್ತಾರೆ. ಮಹಾದಾಸೋಹದ ರೊಟ್ಟಿ, ಮಾದಲಿ, ಮಿರ್ಚಿಯ ಖ್ಯಾತಿ ಅಂಥದ್ದು. ಬೆಂಗಳೂರಿನಿಂದ ಬಂದ ನನ್ನ ಅಕ್ಕನ ಮಗ ಮಾತ್ರ ಒಂದು ಪೇಂಟ್‌ಬಾಲ್ ಬಂದೂಕು ತಂದ. ಅದರ ಬೆನ್ನಿಗೆ ಕರಿ ಬಣ್ಣದ ಗಾಳಿ ಬಾಟಲಿ. ತಿರುಗಿಸಿ ಕೂರಿಸಿದ್ದೇ ತಡ, ‘ಸ್ಸ್‌’ ಎಂದಿತು.

ಅಡುಗೆಮನೆಯಿಂದ ಅವ್ವ ಕೂಗಿದಳು: ‘ಹಾವು ಬಂದೈತೇನ ನೋಡ್ರಿ!’

ಹಾವಲ್ಲ ಎಂದು ಖಾತ್ರಿಯಾದ ಮೇಲೆ ಓಣಿಯ ತಜ್ಞರೆಲ್ಲ ಸೇರಿದರು. ಸೋರಿಕೆಯ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ಕಡಿದುಕೊಂಡು ಹೊಳೆಗೆ ಹೋದಾಗ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಬಂದು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ತಡೆಯುವ ತನಕ, ಇಲ್ಲಿನ ಪ್ರತಿ ಚಹಾದಂಗಡಿಯಲ್ಲೂ ಒಬ್ಬೊಬ್ಬ ಮುಖ್ಯ ಎಂಜಿನಿಯರ್ ಇದ್ದ. ಅವರಲ್ಲಿ ಯಾರೂ ಇನ್ನೂ ನಿವೃತ್ತರಾಗಿಲ್ಲ.

ತೊಂದರೆ ಏನೆಂದರೆ, ಬಾಟಲಿಯನ್ನು ಬಂದೂಕಿಗೆ ಕೂರಿಸಿದಾಗ ಮಾತ್ರ ಒಳಗಿನ ಪಿನ್ನು ಒತ್ತಿಕೊಂಡು ಗಾಳಿ ಹೊರಡುತ್ತದೆ, ಬಿಚ್ಚಿಟ್ಟರೆ ಸದ್ದಿಲ್ಲ. ಆದರೆ ಬಂದವರೆಲ್ಲ ಸದ್ದು ಕೇಳಲೇಬೇಕು. ಕೇಳದೆ ರೋಗ ಹೇಳುವುದು ಹೇಗೆ? ಎದುರುಮನೆಯವರಿಗೊಮ್ಮೆ, ಹಾಲಿನವನಿಗೊಮ್ಮೆ, ತಡವಾಗಿ ಬಂದ ಚಿಕ್ಕಪ್ಪನಿಗೆ ಮೊದಲಿನಿಂದ ಮತ್ತೊಮ್ಮೆ. ಮೀಟರಿನ ಮುಳ್ಳು ಮಾತ್ರ ಯಾರ ಅಭಿಪ್ರಾಯಕ್ಕೂ ಕಾಯದೆ ಇಳಿಯುತ್ತಿತ್ತು. ಕೊನೆಗೆ ಅವ್ವನೇ ಸಬಕಾರದ ನೀರು ತಂದು ಸವರಿದಳು. ಬಾಟಲಿಯ ಕುತ್ತಿಗೆ ಬಂದೂಕಿಗೆ ಸೇರುವ ಸಂದಿಯಲ್ಲಿ ಗುಳ್ಳೆ ಎದ್ದವು. ಅಲ್ಲಿದ್ದ ರಬ್ಬರ್ ರಿಂಗು ಒಂದು ಕಡೆ ಸೀಳಿತ್ತು.

ಹೊಸ ರಿಂಗು ಹುಡುಕಿ, ಹಾಗೇ ಗಾಳಿಯನ್ನೂ ತುಂಬಿಸೋಣವೆಂದು ಹೊರಟು, ಯಲಬುರ್ಗಾದ ಬೀಗರಿಗೆ ಜಾತ್ರೆಯ ಕರೆ ಕೊಟ್ಟು ಕುಷ್ಟಗಿಗೆ ಹೋದೆವು. ದಾರಿಯುದ್ದಕ್ಕೂ ಎರಿಹೊಲಗಳಲ್ಲಿ ಗಾಳಿ ವಿದ್ಯುತ್ತಿನ ದೈತ್ಯ ರೆಕ್ಕೆಗಳು ತಿರುಗುತ್ತಿದ್ದವು. ಇಷ್ಟೊಂದು ಗಾಳಿಯ ನಾಡಿನಲ್ಲಿ ಒಂದು ಬಾಟಲಿ ಗಾಳಿಗೆ ಅಲೆಯುವ ಗತಿ ಅಳಿಯನದು. 50ನೇ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯಾತ ಎಷ್ಟು ಹಾಕಲಿ ಎಂದು ಕೇಳಿದ.

‘ಮೂರು ಸಾವಿರ ಪಿಎಸ್‌ಐ.’

ಅಂಗಡಿಯಾತ ಪೈಪು ಕೆಳಗಿಟ್ಟ. ‘ತಮ್ಮಾ, ಲೋಡ್ ಲಾರಿಗೇ ನೂರಾ ಹತ್ತು ಹಾಕ್ತೀನಿ. ಮೂರು ಸಾವಿರ ಹಾಕಿದ್ರ ಕುಷ್ಟಗಿನೇ ಹಾರಿ ಹೊಸಪೇಟ್ಯಾಗ ಬೀಳತೈತಿ.’

ಅಳಿಯ ಬಿಡದೆ ವಿವರಿಸಿದ: ಬಾಟಲಿಯೊಳಗೆ ಮೂರು ಸಾವಿರ ಇದ್ದರೂ ಅದರ ಬಾಯಲ್ಲಿರುವ ರೆಗ್ಯುಲೇಟರ್ ಎಂಟು ನೂರಕ್ಕೆ ಇಳಿಸಿ ಬಂದೂಕಿಗೆ ಕೊಡುತ್ತದೆ. ಮೊದಲಿನ ಮಾದರಿಗಳು ಕಾರ್ಬನ್ ಡೈಆಕ್ಸೈಡ್ ಮೇಲೆ ಓಡುತ್ತಿದ್ದವು. ಅದು 31 ಡಿಗ್ರಿ ದಾಟಿದರೆ ಎಷ್ಟು ಒತ್ತಿದರೂ ದ್ರವವಾಗಿ ಉಳಿಯದು, ಒತ್ತಡ ಮನಬಂದಂತೆ ಏರುತ್ತದೆ. ಅಂದರೆ ನಮ್ಮ ಕಡೆಯ ಬೇಸಿಗೆಗೆ ಆ ಬಂದೂಕು ಲಾಯಕ್ಕೇ ಅಲ್ಲ. ಪಂಕ್ಚರಿನವನು ಎಲ್ಲವನ್ನೂ ಕೇಳಿ, ‘ಚಹಾ ಕುಡೀತೀರೇನ್ರಿ?’ ಎಂದ.

ರಿಂಗು ಸಿಕ್ಕಿದ್ದು ಗಂಗಾವತಿಯಲ್ಲಿ. ಭತ್ತದ ಸೀಮೆ, ಔಷಧ ಹೊಡೆಯುವ ಪಂಪುಗಳ ಬಿಡಿಭಾಗ ಮಾರಿಯೇ ಮನೆ ಕಟ್ಟಿದವರಿದ್ದಾರೆ. ಅಳಿಯ ಫೋನಿನಲ್ಲಿ ನೋಡಿ ‘015 ಸೈಜು, ಒಳವ್ಯಾಸ 14 ಮಿಲಿಮೀಟರ್, ದಪ್ಪ 1.78, ಪಾಲಿಯುರೆಥೇನ್’ ಎಂದು ಓದಿದ. ಅಂಗಡಿಯ ಹಿರಿಯರು ಅದನ್ನು ಗೌರವದಿಂದ ಕೇಳಿಸಿಕೊಂಡರು. ಆಮೇಲೆ ಹಳೆಯ ರಿಂಗನ್ನು ಕಿರುಬೆರಳಿಗೆ ತೊಡಿಸಿ ನೋಡಿ, ಡಬ್ಬಿಯಿಂದ ಒಂದು ಕರಿ ರಿಂಗು ತೆಗೆದು, ‘ತಗೋ, ಎಣ್ಣಿ ಸವರಿ ಹಾಕು’ ಎಂದರು. ಕೂತಿತು. ನೊರೆ ಸವರಿದರೆ ಒಂದು ಗುಳ್ಳೆಯೂ ಏಳಲಿಲ್ಲ.

ಮನೆಗೆ ಬಂದು ಹಿತ್ತಲಿನ ಬೇವಿನ ಮರಕ್ಕೆ ಗುರಿಯಿಟ್ಟ. ಬಣ್ಣದ ಗುಂಡು ಅಜ್ಜ ಉಗುಳಿದ ಎಲೆಯಡಿಕೆಯಂತೆ ಅವನ ಬೂಟಿನ ಮೇಲೆಯೇ ಬಿತ್ತು. ರಿಪೇರಿಯಲ್ಲಿ ಲೋಪವಿರಲಿಲ್ಲ. ಇಷ್ಟೂ ದಿನದ ರೋಗ ತಪಾಸಣೆಯಲ್ಲಿ ಗಾಳಿಯೇ ಖರ್ಚಾಗಿತ್ತು.

ಸಮಾಧಾನಕ್ಕೆ ನಾನೊಂದು ಕತೆ ಹೇಳಿದೆ. ಮರಕ್ಕೂ ದನಕ್ಕೂ ಬಣ್ಣದ ಗುರುತು ಹಾಕಲೆಂದು ಹುಟ್ಟಿದ ಇಂಥ ಬಂದೂಕು ಹಿಡಿದು, 1981ರ ಜೂನ್‌ನಲ್ಲಿ ಅಮೆರಿಕದ ಹೆನಿಕರ್ ಎಂಬಲ್ಲಿನ ಕಾಡಿನಲ್ಲಿ ಹನ್ನೆರಡು ಮಂದಿ ಮೊದಲ ಆಟ ಆಡಿದರು. ಗೆದ್ದ ರಿಚಿ ವೈಟ್ ಒಂದೇ ಒಂದು ಗುಂಡನ್ನೂ ಹಾರಿಸಲಿಲ್ಲವಂತೆ. ಸದ್ದಿಲ್ಲದೆ ಮರಗಳ ಮರೆಯಲ್ಲಿ ಹೋಗಿ ಬಾವುಟಗಳನ್ನು ಎತ್ತಿಕೊಂಡು ಬಂದ.

‘ಅವನದೂ ಸೋರ್ತಿತ್ತೇನೋ ಮಾವಾ’ ಎಂದ ಅಳಿಯ.

ಸಂಜೆ ಜಾತ್ರೆಯಲ್ಲಿ ಪುಗ್ಗಾ ಹೊಡೆಯುವ ಅಂಗಡಿಯ ಮುಂದೆ ನಿಂತೆವು. ಆ ಹಳೆಯ ಗಾಳಿ ಬಂದೂಕಿನಲ್ಲಿ ಗಾಳಿಯನ್ನು ಕೂಡಿಡುವ ಮಾತೇ ಇಲ್ಲ. ನಳಿಕೆ ಮುರಿದರೆ ಸ್ಪ್ರಿಂಗು ಹಿಂದೆ ಸರಿಯುತ್ತದೆ, ಕುದುರೆ ಎಳೆದರೆ ಪಿಸ್ಟನ್ ಮುನ್ನುಗ್ಗಿ ಆ ಕ್ಷಣಕ್ಕೆ ಬೇಕಾದ ಗಾಳಿಯನ್ನು ಆಗಲೇ ಒತ್ತಿ ಛರ್ರೆಯನ್ನು ದೂಡುತ್ತದೆ. ಹಾಗಾಗಿ ಸಬಕಾರದ ಪರೀಕ್ಷೆ ನಡೆಯದು. ಅಂಗಡಿಯಾತ ನಳಿಕೆಯ ಸಂದಿಯ ಮೇಲೆ ಬೀಡಿಕಟ್ಟಿನ ತೆಳು ಕಾಗದ ಇಟ್ಟು ಹೊಡೆದು ತೋರಿಸಿದ: ಕಾಗದ ಹಾರಿದರೆ ಸಂದಿಯ ವಾಷರ್ ಹೋಗಿದೆ ಎಂದರ್ಥ. ಒಳಗೆ ಪಿಸ್ಟನ್ನಿನ ಚರ್ಮದ ವಾಷರ್ ಒಣಗಬಾರದು, ಎಣ್ಣೆ ಬೇಕು. ಹೆಚ್ಚಾದರೆ ಎಣ್ಣೆಯೇ ಹೊತ್ತಿಕೊಂಡು ನಳಿಕೆಯಿಂದ ಹೊಗೆ. ಛರ್ರೆ ಇಲ್ಲದೆ ಕುದುರೆ ಎಳೆದು ಆಡುವ ಹುಡುಗರ ಮೇಲೆ ಅವನಿಗೆ ಬಹಳ ಸಿಟ್ಟು. ತಡೆಯುವ ಗಾಳಿಯಿಲ್ಲದೆ ಪಿಸ್ಟನ್ ಹೋಗಿ ಗೋಡೆಗೆ ಗುದ್ದಿದಂತಾಗುತ್ತದೆ, ವಾಷರ್ ಬೇಗ ಸಾಯುತ್ತದೆ.

ಅಳಿಯ ಫೋನಿನಲ್ಲಿ ತನ್ನ ಬಂದೂಕಿನ ಚಿತ್ರ ತೋರಿಸಿದ. ಅಂಗಡಿಯಾತ ಹಿಗ್ಗಿಸಿ ಹಿಗ್ಗಿಸಿ ನೋಡಿ, ‘ಗಾಳಿ ತೀರಿದ ಮ್ಯಾಲೆ?’ ಎಂದು ಕೇಳಿದ.

‘ಬೆಂಗಳೂರಿಗೆ ಹೋಗ್ಬೇಕು.’

ಅವನು ಏನೂ ಅನ್ನಲಿಲ್ಲ. ನಳಿಕೆ ಮುರಿದು ಛರ್ರೆ ಇಟ್ಟು ಬಂದೂಕನ್ನು ಅಳಿಯನ ಕೈಗೆ ಕೊಟ್ಟ. ‘ಛರ್ರೆಗಷ್ಟೇ ರೊಕ್ಕಾರೀ. ಗಾಳಿ ನಮ್ಮ ಕಡಿಂದ.’