ಗ್ಯಾರೇಜಿನಲ್ಲಿ ಕೂಲಿಂಗ್ ಗ್ಲಾಸ್

ಕೂಲಿಂಗ್ ಗ್ಲಾಸಿನ ಲೆನ್ಸನ್ನು ಕೈಯಲ್ಲೇ ಕತ್ತರಿಸಿ ಹಳೆಯ ಫ್ರೇಮಿಗೆ ಕೂರಿಸುವುದು ಅಮೆರಿಕದ ಗ್ಯಾರೇಜುಗಳಲ್ಲಿ ನಡೆಯುವ ಹವ್ಯಾಸಗಳಲ್ಲೊಂದು. ತಯಾರಿಕೆ ನಿಂತುಹೋದ ಫ್ರೇಮಿಗೆ ಅಂಗಡಿಯಲ್ಲಿ ಲೆನ್ಸ್ ಸಿಗುವುದಿಲ್ಲ. ಹವ್ಯಾಸ ಹುಟ್ಟಿದ್ದೇ ಅಲ್ಲಿಂದ. ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ: ಕಡ್ಡಿ ಗಟ್ಟಿಯಿರುವ ಫ್ರೇಮನ್ನು ಎಸೆಯಲು ಅಲ್ಲಿ ಯಾರಿಗೂ ಕೈ ಬರುವುದಿಲ್ಲ. ಉಳಿತಾಯದ ಲೆಕ್ಕವನ್ನು ಮಾತ್ರ ತೆಗೆಯಬಾರದು. ಪುಟ್ಟ ಗ್ರೈಂಡರು, ಅರ, ಉಪ್ಪುಕಾಗದ ಕೊಂಡ ದುಡ್ಡಿಗೆ ಎರಡು ಹೊಸ ಕನ್ನಡಕ ಬರುತ್ತಿದ್ದವು ಎಂಬುದು ಮನೆಯೊಡತಿಯ ಅಭಿಪ್ರಾಯ. ಅದು ಸರಿಯೂ ಹೌದು.

ಗಾಜಿನ ಲೆನ್ಸ್ ಈ ಕೆಲಸಕ್ಕೆ ಆಗದು, ಸಿಡಿಯುತ್ತದೆ. ಬೇಕಾದದ್ದು ಪಾಲಿಕಾರ್ಬೊನೇಟ್. 1953ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್, ಅಮೆರಿಕದ ಡೇನಿಯಲ್ ಫಾಕ್ಸ್ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇದನ್ನು ಕಂಡುಹಿಡಿದರು. ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದು ಲೆನ್ಸಿನ ಕಪ್ಪು ಬಣ್ಣವಲ್ಲ, ಈ ಪ್ಲಾಸ್ಟಿಕ್ಕೇ. ಆರು ತಿಂಗಳಿಗೆಂದು ಬಂದಿರುವ ಅಜ್ಜಿ ಇದನ್ನು ಒಪ್ಪುವುದಿಲ್ಲ. ಪೊರೆ ಆಪರೇಷನ್ ಆದಾಗ ಮೈಸೂರಿನ ಆಸ್ಪತ್ರೆಯಲ್ಲಿ ಕೊಟ್ಟ ಕಪ್ಪು ಕನ್ನಡಕವೇ ಅವರಿಗೆ ಪ್ರಮಾಣ.

ಎರಡೂ ಕಣ್ಣಿಗೆ ಅಡ್ಡಲಾಗಿ ಬರುವ ಅಗಲವಾದ ಕ್ರೀಡಾ ಲೆನ್ಸೊಂದನ್ನು ಬಲಿ ಕೊಟ್ಟು ಅದರಿಂದ ಎರಡು ಚಿಕ್ಕ ಲೆನ್ಸ್ ತೆಗೆಯುವುದು ರೂಢಿ. ಮೊದಲು ಬಾಗು ಹೊಂದಬೇಕು. ಕಿವಿಯ ಕಡೆಗೆ ಸುತ್ತಿಕೊಳ್ಳುವ ಫ್ರೇಮುಗಳ ಬಾಗಿನ ಅಂಕೆ (ಬೇಸ್ ಕರ್ವ್) ಸಾಮಾನ್ಯವಾಗಿ 8, ಅಷ್ಟು ಸುತ್ತದವುಗಳದು 6. ಹೊಂದದಿದ್ದರೆ ಕುಕ್ಕರಿಗೆ ಬಾಣಲೆಯ ಮುಚ್ಚಳ ಹಾಕಿದ ಹಾಗೆ. ಕ್ರೀಡಾ ಲೆನ್ಸಿನಲ್ಲಿ ಪಾಪೆಯ ಎದುರಿಗಿದ್ದ ಜಾಗ ಹೊಸ ಲೆನ್ಸಿನಲ್ಲೂ ಪಾಪೆಯ ಎದುರಿಗೇ ಬರಬೇಕು; ಸರಿದರೆ ನೋಟ ಓರೆಯಾಗಿ ತಲೆ ನೋಯುತ್ತದೆ. ಅಂಥ ತಲೆನೋವಿಗೆ ಮನೆಯಲ್ಲಿ ಅಮೃತಾಂಜನ ಸಿಗಬಹುದು, ಸಹಾನುಭೂತಿ ಸಿಗದು.

ಪೋಲರಾಯ್ಡ್ ಲೆನ್ಸಾದರೆ ದಿಕ್ಕಿನದೇ ದೊಡ್ಡ ತಲೆಬಿಸಿ. ಅದರೊಳಗಿನ, ಎಡ್ವಿನ್ ಲ್ಯಾಂಡ್ 1929ರಲ್ಲಿ ಪೇಟೆಂಟಿಗೆ ಹಾಕಿದ ಬಗೆಯ ಹಾಳೆ ರಸ್ತೆ, ನೀರಿನ ಮೇಲಿಂದ ಅಡ್ಡಲಾಗಿ ಬರುವ ಝಳವನ್ನು ನುಂಗುತ್ತದೆ. ಲೆನ್ಸನ್ನು ಕಾಲು ಸುತ್ತು ತಿರುಗಿಸಿ ಕತ್ತರಿಸಿದರೆ ಝಳ ಹಾಗೇ ಕಣ್ಣಿಗೆ ಹೊಡೆಯುತ್ತದೆ. ಒಂದು ಕಣ್ಣಿನದು ಸರಿ, ಇನ್ನೊಂದರದು ತಪ್ಪಾದರೆ ಫೋನು ಒಂದು ಕಣ್ಣಿಗೆ ಬೆಳಗಿ ಇನ್ನೊಂದಕ್ಕೆ ಕಪ್ಪಾಗಬಹುದು. ಪರೀಕ್ಷೆಗೆಂದು ಊಟದ ಹೊತ್ತಿನಲ್ಲಿ ಎಲ್ಲರ ಫೋನೂ ಕಸಿದುಕೊಳ್ಳುವವರಿದ್ದಾರೆ. ಮಕ್ಕಳು ತಲೆಯೆತ್ತಿ ಸಾರು-ಅನ್ನ ನೋಡಿ ಉಣ್ಣುವುದು ಆಗ ಮಾತ್ರ.

ಅಚ್ಚು ತೆಗೆಯಲು ಹಳೆಯ ಲೆನ್ಸಿನ ಮೇಲೆ ಪೇಂಟರ್ ಟೇಪು ಅಂಟಿಸಿ, ಅಂಚಿಗೆ ಸರಿಯಾಗಿ ಕೊಯ್ದು, ಬಿಡಿಸಿ ಹೊಸದರ ಮೇಲೆ ಅಂಟಿಸಬೇಕು. ಪ್ರತಿ ಕಣ್ಣಿಗೂ ಬೇರೆ ಟೇಪು. ಒಂದೇ ಅಚ್ಚನ್ನು ಎರಡು ಸಲ ಬಳಸಿದವರ ಬಳಿ ಎರಡು ಬಲಗಣ್ಣಿನ ಲೆನ್ಸ್ ಉಳಿಯುತ್ತವೆ. ಗೆರೆಯಿಂದ ತುಸು ಹೊರಗೇ ಕತ್ತರಿಸಿ ಆಮೇಲೆ ಉಜ್ಜಬೇಕು, ಏಕೆಂದರೆ ಹೋದದ್ದನ್ನು ಮತ್ತೆ ಸೇರಿಸಲಾಗದು. ಗ್ರೈಂಡರು ಜೋರಾಗಿ ತಿರುಗಿದರೆ ಪ್ಲಾಸ್ಟಿಕ್ಕು ಕರಗಿ ಅಂಚಿಗೆ ಮೆತ್ತಿಕೊಳ್ಳುತ್ತದೆ. ಮುಖಕ್ಕೆ ಮಾಸ್ಕು, ಕಣ್ಣಿಗೆ ರಕ್ಷಣೆಯ ಕನ್ನಡಕ ಬಿಡುವಂತಿಲ್ಲ. ಪುಡಿ ಹಾರುವ ಗ್ಯಾರೇಜಿನಲ್ಲೇ ಸೋನಾ ಮಸೂರಿ ಮೂಟೆಯೂ ಇರುವುದರಿಂದ, “ರೀ, ಅಕ್ಕಿ ಮುಚ್ಚಿದ್ದೀರಾ?” ಎಂಬ ಕೂಗು ಕೆಲಸದ ಅಂಗವೆಂದೇ ತಿಳಿಯಬೇಕು.

ಟೇಪಿನ ಅಂಟು ತೆಗೆಯಲು ಮಗಳ ನೇಲ್ ಪಾಲಿಶ್ ರಿಮೂವರ್ ಮುಟ್ಟಲೇಬಾರದು. ಅದರಲ್ಲಿ ಅಸಿಟೋನ್ ಇದ್ದರೆ ಪಾಲಿಕಾರ್ಬೊನೇಟ್ ಮಂಜಾಗುತ್ತದೆ. ಅಂಟಿಗೆ ಅಜ್ಜಿ ಹೇಳುವ ಕೊಬ್ಬರಿ ಎಣ್ಣೆಯ ಒಂದು ಹನಿ, ಆಮೇಲೆ ಪಾತ್ರೆ ತೊಳೆಯುವ ಸೋಪು ಸಾಕು. ಕನ್ನಡಕದ ವಿಷಯದಲ್ಲಿ ಅಜ್ಜಿಯ ಮಾತು ನಿಜವಾಗುವುದು ಇಲ್ಲೊಂದು ಕಡೆ.

ಅಮೆರಿಕದ ನಿಯಮದ ಪ್ರಕಾರ, ಮಾರುವ ಲೆನ್ಸು 127 ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಉಕ್ಕಿನ ಗುಂಡನ್ನು ತಾಳಿಕೊಳ್ಳಬೇಕು. ಮನೆಯ ಲೆನ್ಸಿಗೆ ಅಂಥ ಪರೀಕ್ಷೆಯಿಲ್ಲ, ಸೋಫಾದ ಮೇಲೆ ಮರೆತಿಟ್ಟರೆ ತಾನಾಗಿ ನಡೆಯುತ್ತದೆ. ಆದ್ದರಿಂದ ಕ್ರಿಕೆಟ್ ಆಡುವಾಗ ಇದನ್ನು ಹಾಕಬಾರದು. ಪವರ್ ಇರುವ ಲೆನ್ಸನ್ನು ಹೀಗೆ ಮಾಡಲೇಬಾರದು, ಅದು ಕನ್ನಡಕದಂಗಡಿಯ ಕೆಲಸ.

ಆದರೆ ನಲವತ್ತು ದಾಟಿದ ಹವ್ಯಾಸಿಗೆ ದೂರ ನೋಡಲು ಪವರ್ ಬೇಕಿದ್ದರೆ ತಾನೇ ಮಾಡಿದ್ದನ್ನು ತಾನು ಹಾಕಿಕೊಳ್ಳಲಾಗದು. ಪೊರೆ ತೆಗೆಸಿ ಕಣ್ಣೊಳಗೇ ಲೆನ್ಸ್ ಇಡಿಸಿಕೊಂಡ ತಂದೆ ಅದನ್ನು ಧರಿಸಿ ಸಂಜೆಯ ವಾಕಿಂಗಿಗೆ ಹೊರಡುತ್ತಾರೆ, ಮೈಸೂರಿಗೂ ಒಯ್ಯುತ್ತಾರೆ. ಅಲ್ಲಿಂದ ಮುಂದೆ ಬರುವವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಜೊತೆಗೆ ಪಕ್ಕದ ಮನೆಯವರ ಲೆನ್ಸಿಲ್ಲದ ಫ್ರೇಮುಗಳೂ ಬರತೊಡಗುತ್ತವೆ.